ಕಿವಿ ಕಡಿತಕ್ಕೆ ಎಣ್ಣೆಯೂ ಬೇಡ, ಹಳೇ ಡ್ರಾಪ್ಸೂ ಬೇಡ: ಒಳಗೆ ಬೂಷ್ಟು ಹಿಡಿದಿರಬಹುದು

ಪಿರಿಯಾಪಟ್ಟಣ: ಮಳೆ ಹಿಡಿದರೆ ಸಾಕು, ಮೆಡಿಕಲ್ ಸ್ಟೋರ್‌ಗಳ ಮುಂದೆ "ಕಿವಿ ಕಡೀತಾ ಇದೆ, ಒಂದು ಡ್ರಾಪ್ಸ್ ಕೊಡಿ" ಅನ್ನೋ ಮಾತು ಶುರು. ಹೋದ ಮಳೆಗಾಲದಲ್ಲಿ ನಾನೂ ಹಾಗೇ ತಂದು ಹತ್ತು ದಿನ ಹಾಕಿಕೊಂಡೆ. ಎರಡು ದಿನ ಕಡಿತ ನಿಂತಿತು, ಆಮೇಲೆ ಕಿವಿ ಪೂರ್ತಿ ಕಟ್ಟಿಕೊಂಡಿತು. ಕೊನೆಗೆ ಕಿವಿ ಡಾಕ್ಟರು ನೋಡಿ ಹೇಳಿದ್ದು: ಒಳಗೆ ಫಂಗಸ್, ಅಂದರೆ ಬೂಷ್ಟು ಬೆಳೆದಿದೆ.

ಯಾಕೆ ಬರುತ್ತೆ?
ಕಿವಿಯ ಹೊರನಾಳ ಸುಮಾರು 2.5 ಸೆಂ.ಮೀ. ಉದ್ದ. ಒಳಗೆ ಕತ್ತಲು, ಬಿಸಿ. ನೀರು ಹೋದರೆ ಬೇಗ ಆರಲ್ಲ. ಗುಗ್ಗೆ ಕೊಳೆಯಲ್ಲ, ಅದೇ ಕಾವಲು. ಬೆಂಕಿಕಡ್ಡಿ, ಪಿನ್ನು, ಗಾಡಿ ಕೀ ಹಾಕಿ ಕೆರೆದರೆ ಗುಗ್ಗೆಯೂ ಹೋಗುತ್ತೆ, ಚರ್ಮವೂ ಗೀರುತ್ತೆ. ಮಳೆಯಲ್ಲಿ ನೆಂದು ಹೊಗೆಸೊಪ್ಪು ಮುರಿಯುವವರು, ಕೆರೆಯಲ್ಲಿ ಈಜುವ ಹುಡುಗರು, ದಿನವಿಡೀ ಇಯರ್‌ಫೋನ್ ಸಿಕ್ಕಿಸಿಕೊಂಡಿರುವವರು ಹುಷಾರಾಗಿರಬೇಕು. ಕಾಯಿಸಿದ ಎಣ್ಣೆ ಬಿಟ್ಟರೆ ಬೂಷ್ಟು ಸಾಯಲ್ಲ, ತೇವ ಒಳಗೇ ಉಳಿಯುತ್ತೆ.

ಗುರುತು ಹೇಗೆ?
ವಿಪರೀತ ಕಡಿತ, ಕಿವಿ ಮುಚ್ಚಿದಂತಾಗುವುದು, ಮಂದವಾಗಿ ಕೇಳುವುದು. ಆಸ್ಪರ್ಜಿಲಸ್ ಎಂಬ ಫಂಗಸ್ ಆದರೆ ಒದ್ದೆ ಪೇಪರ್ ಮೇಲೆ ಕಪ್ಪು ಚುಕ್ಕಿ ಇಟ್ಟಂತೆ ಕಾಣಬಹುದು. ಕ್ಯಾಂಡಿಡಾ ಆದರೆ ಬೆಳ್ಳಗೆ, ಮೊಸರಿನಂತೆ. ಜೊತೆಗೆ ನೋವು, ಕೀವು ಜಾಸ್ತಿ ಇದ್ದರೆ ಬ್ಯಾಕ್ಟೀರಿಯಾವೂ ಸೇರಿರಬಹುದು.

ಡ್ರಾಪ್ಸ್ ಹಾಕಿದರೂ ಯಾಕೆ ವಾಸಿಯಾಗಲ್ಲ?
ಆ್ಯಂಟಿಬಯಾಟಿಕ್ ಡ್ರಾಪ್ಸ್ ಸಾಯಿಸೋದು ಬ್ಯಾಕ್ಟೀರಿಯಾನ. ಅದು ಸತ್ತರೆ ಫಂಗಸ್‌ಗೆ ಜಾಗ ಖಾಲಿ ಮಾಡಿಕೊಟ್ಟಂತೆ. ಕೆಲವು ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇರುತ್ತೆ. ಕಡಿತ ತಗ್ಗುತ್ತೆ, ಬೂಷ್ಟು ಬೆಳೀತಾನೇ ಇರುತ್ತೆ. ಕಿವಿತಮಟೆ ತೂತಾಗಿದ್ದರಂತೂ ಕೆಲವು ಔಷಧಿ ಒಳಕಿವಿಗೆ ಇಳಿದು ಕೇಳುವ ಶಕ್ತಿಗೇ ಪೆಟ್ಟು ಕೊಡಬಹುದು.

ಚಿಕಿತ್ಸೆ ಏನು?
ಮೊದಲ ಕೆಲಸ ಕ್ಲೀನಿಂಗ್. ಡಾಕ್ಟರು ಸಕ್ಷನ್ ಹಾಕಿ ಬೂಷ್ಟು ತೆಗೆದು, ಕ್ಲೋಟ್ರಿಮಜೋಲ್‌ನಂಥ ಫಂಗಸ್ ಔಷಧಿ ಕೊಡುತ್ತಾರೆ. ಸಾಮಾನ್ಯವಾಗಿ ಎರಡು ಮೂರು ವಾರ ಬೇಕು. ಕಡಿತ ನಿಂತಿತು ಅಂತ ಮಧ್ಯೆ ಬಿಟ್ಟರೆ ಮತ್ತೆ ಬರುತ್ತೆ. ಅಲ್ಲಿವರೆಗೆ ಸ್ನಾನಕ್ಕೆ ಮುಂಚೆ ವ್ಯಾಸಲಿನ್ ಸವರಿದ ಹತ್ತಿ ಇಟ್ಟುಕೊಳ್ಳಿ, ಆದಮೇಲೆ ತೆಗೆದುಬಿಡಿ.

ಶುಗರ್ ಇದ್ದವರು ತಡ ಮಾಡಬೇಡಿ
ಸಕ್ಕರೆ ಕಾಯಿಲೆ ಇದ್ದು, ರಾತ್ರಿ ನಿದ್ದೆಗೆಡಿಸುವಷ್ಟು ಕಿವಿ ನೋವು ಬಂದರೆ, ಮುಖ ಒಂದು ಕಡೆ ಸೊಟ್ಟಗಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸೋಂಕು ಮೂಳೆಗೆ ಇಳಿದಿದ್ದರೆ ಜೀವಕ್ಕೇ ಅಪಾಯ.

ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮೈಸೂರಿಗೇ ಹೋಗಬೇಕಾದರೆ ಕೆ.ಆರ್. ಆಸ್ಪತ್ರೆ ಇದೆ, ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಮೆಡಿಕಲ್ ಅಂಗಡಿಯವರಲ್ಲೂ ಒಂದು ಮನವಿ: ಅದೇ ಗಿರಾಕಿ ಅದೇ ಡ್ರಾಪ್ಸ್‌ಗೆ ಎರಡನೇ ಸಲ ಬಂದರೆ, ಬಾಟಲಿ ಬದಲು ಡಾಕ್ಟರ ದಾರಿ ತೋರಿಸಿ.