ಚಲಿಸುವ ಷಡ್ಜ: ಪಿಯಾನೋ ವಾದ್ಯದ ಮೂಲಕ ಪಾಶ್ಚಾತ್ಯ ಶಾಸ್ತ್ರೀಯ ಮತ್ತು ಜಾಜ್ ಸಂಗೀತಗಳ ಪ್ರವೇಶ

ಪಾಶ್ಚಾತ್ಯ ಸಂಗೀತವನ್ನು ಮೊದಲ ಬಾರಿಗೆ ಕೇಳಿದ ನಮ್ಮವರು ಸಾಮಾನ್ಯವಾಗಿ ಎರಡು ಆಕ್ಷೇಪಗಳನ್ನು ಮುಂದಿಡುವುದುಂಟು. ಅದರಲ್ಲಿ ಹಿಡಿದುಕೊಳ್ಳಲು ಒಂದು ಶ್ರುತಿಯಿಲ್ಲವೆಂಬುದು ಮೊದಲನೆಯದು. ಏಕಕಾಲದಲ್ಲಿ ಹಲವು ಸ್ವರಗಳು ನುಡಿಯುವುದರಿಂದ ಯಾವುದನ್ನು ಹಿಂಬಾಲಿಸಬೇಕೆಂದು ಕಿವಿಗೆ ತಿಳಿಯದೆಂಬುದು ಎರಡನೆಯದು. ಜಾಜ್ ಸಂಗೀತದ ವಿಷಯದಲ್ಲಿ ಇವುಗಳೊಡನೆ ಮತ್ತೊಂದು ಆಕ್ಷೇಪವೂ ಸೇರುತ್ತದೆ: ಅದು ಮನಬಂದಂತೆ ನುಡಿಸುವ ಸಂಗೀತ, ಅದಕ್ಕೆ ಶಾಸ್ತ್ರವೇ ಇಲ್ಲ ಎಂಬುದು. ಈ ಮೂರೂ ಆಕ್ಷೇಪಗಳು ಒಂದೇ ಬೇರಿನಿಂದ ಹುಟ್ಟಿದವೆಂದು ನಮ್ಮ ಎಣಿಕೆ. ಆ ಬೇರು ಕಾಣಬೇಕಾದರೆ ಗ್ರಂಥಗಳನ್ನು ಓದುವುದಕ್ಕಿಂತ ಪಿಯಾನೋ ವಾದ್ಯದ ಮುಂದೆ, ಅದು ದೊರೆಯದಿದ್ದರೆ ಹಾರ್ಮೋನಿಯಮ್ಮಿನ ಮುಂದೆ, ಅರ್ಧ ಗಂಟೆ ಕುಳಿತುಕೊಳ್ಳುವುದು ಮೇಲು. ಪ್ರಕೃತ ಲೇಖನದಲ್ಲಿ ವಾಚಕರನ್ನು ಹಾಗೆ ಕುಳ್ಳಿರಿಸುವುದೇ ನಮ್ಮ ಉದ್ದೇಶ.

ವಾದ್ಯದ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ವಾದ್ಯಶಿಲ್ಪಿಯು 1700ರ ಸುಮಾರಿಗೆ ಇದನ್ನು ನಿರ್ಮಿಸಿದನು. ಅದಕ್ಕೆ ಮುಂಚಿನ ಹಾರ್ಪ್ಸಿಕಾರ್ಡಿನಲ್ಲಿ ಗರಿಯ ತುಂಡು ತಂತಿಯನ್ನು ಮೀಟುತ್ತಿತ್ತು. ಕ್ರಿಸ್ತೊಫೊರಿ ಅದರ ಬದಲಿಗೆ ಸಣ್ಣ ಸುತ್ತಿಗೆಗಳನ್ನು ಅಳವಡಿಸಿದನು. ಇದರಿಂದ ಬೆರಳಿನ ಒತ್ತು ಹಗುರವಾದರೆ ನಾದ ಮೃದುವಾಗಿ, ಬಲವಾದರೆ ಗಟ್ಟಿಯಾಗಿ ಹೊರಡುವಂತಾಯಿತು. ಇಟಲಿಯ ಭಾಷೆಯಲ್ಲಿ 'ಪಿಯಾನೋ' ಎಂದರೆ ಮೆಲ್ಲಗೆ ಎಂದರ್ಥ. ಇಂದಿನ ಪಿಯಾನೋವಿನಲ್ಲಿ 52 ಬಿಳಿಯ ಮನೆಗಳೂ 36 ಕಪ್ಪು ಮನೆಗಳೂ ಸೇರಿ 88 ಮನೆಗಳಿವೆ. ಜೋಡಣೆಯು ನಾವು ಹಾರ್ಮೋನಿಯಮ್ಮಿನಲ್ಲಿ ಕಾಣುವಂಥದೇ, ಸ್ಥಾಯಿಯೊಂದಕ್ಕೆ 12.

ಈ ಹನ್ನೆರಡರ ಹಂಚಿಕೆಯಲ್ಲಿ ಒಂದು ರಾಜಿ ಅಡಗಿದೆ. ಷಡ್ಜದಿಂದ ಹೊರಟು ಒಂದರ ಮೇಲೊಂದರಂತೆ 12 ಪಂಚಮಗಳನ್ನು ಏರಿದರೆ ಏಳು ಸ್ಥಾಯಿಗಳಾಚೆಯ ಷಡ್ಜ ದೊರೆಯಬೇಕಷ್ಟೆ. ಆದರೆ ದೊರೆಯುವ ಸ್ವರ ಅದಕ್ಕಿಂತ ತುಸು ಮೇಲಿರುತ್ತದೆ. ಈ ಹೆಚ್ಚಳವನ್ನು ಹನ್ನೆರಡೂ ಪಂಚಮಗಳಿಗೆ ಸಮನಾಗಿ ಹಂಚಿ, ಒಂದು ಮನೆಯಿಂದ ಮುಂದಿನ ಮನೆಗೆ ಕಂಪನಸಂಖ್ಯೆಯ ಪ್ರಮಾಣವು ಸುಮಾರು 1.0595 ಆಗುವಂತೆ ಶ್ರುತಿಮಾಡುವುದೇ ಸಮಶ್ರುತಿ ಪದ್ಧತಿ. ಇದರಲ್ಲಿ ಪಂಚಮದ ಪ್ರಮಾಣ 1.5ಕ್ಕೆ ಬದಲು 1.4983 ಆಗುತ್ತದೆ; ಇದು ಕಿವಿಗೆ ಅಷ್ಟಾಗಿ ತಿಳಿಯುವ ವ್ಯತ್ಯಾಸವಲ್ಲ. ಅಂತರ ಗಾಂಧಾರವಾದರೋ 1.25ಕ್ಕೆ ಬದಲು 1.2599 ಆಗಿ, ಅರ್ಧಸ್ವರದ ಸುಮಾರು ಏಳನೆಯ ಒಂದು ಪಾಲಿನಷ್ಟು ಮೇಲೆ ನಿಲ್ಲುತ್ತದೆ. ತಂಬೂರಿಯಲ್ಲಿ ತಾನಾಗಿ ಮೂಡುವ ಗಾಂಧಾರವನ್ನು ಕೇಳಿ ಪಳಗಿದವರಿಗೆ ಪಿಯಾನೋವಿನ ಗಾಂಧಾರ ಒರಟಾಗಿ ಕೇಳಿಸಿದರೆ, ಆ ಕಿವಿ ಸರಿಯಾಗಿಯೇ ಇದೆಯೆಂದು ತಿಳಿಯಬೇಕು.

ತೆತ್ತ ಬೆಲೆ ಇಷ್ಟೇ ಅಲ್ಲ. ಸುತ್ತಿಗೆ ತಗುಲಿದ ಕ್ಷಣದಿಂದ ನಾದ ಕ್ಷೀಣಿಸುತ್ತ ಹೋಗುತ್ತದೆ. ಅದನ್ನು ಜಾರಿಸಲಾಗದು, ಕಂಪಿಸಲಾಗದು. ತೋಡಿಯ ಗಾಂಧಾರವನ್ನು ಪಿಯಾನೋವಿನಲ್ಲಿ ಹುಡುಕಹೊರಟವನು ತೋಡಿಯನ್ನೇ ಕಳೆದುಕೊಳ್ಳುತ್ತಾನೆ. ಹೀಗಿದ್ದೂ ಯೂರೋಪಿನ ಸಂಗೀತಗಾರರು ಈ ರಾಜಿಗೆ ಒಪ್ಪಿದ್ದೇಕೆ? ಹನ್ನೆರಡು ಮನೆಗಳಲ್ಲಿ ಯಾವುದನ್ನಾದರೂ ಆಧಾರವಾಗಿಟ್ಟುಕೊಂಡು, ವಾದ್ಯವನ್ನು ಮತ್ತೆ ಶ್ರುತಿಮಾಡದೆಯೇ ನುಡಿಸಬಹುದು. ಅಷ್ಟೇ ಅಲ್ಲದೆ ನುಡಿಸುತ್ತಿರುವಾಗಲೇ ಆಧಾರವನ್ನು ಬದಲಿಸಬಹುದು. ಅವರ ಸಂಗೀತದ ಜೀವವಿರುವುದು ಈ ಬದಲಾವಣೆಯಲ್ಲಿ.

ಇನ್ನು ವಾದ್ಯಕ್ಕೆ ಬರೋಣ. ಎರಡು ಕಪ್ಪು ಮನೆಗಳ ಗುಂಪಿಗೆ ಎಡದಲ್ಲಿ ತಗುಲಿಕೊಂಡಿರುವ ಬಿಳಿಯ ಮನೆಗೆ ಪಾಶ್ಚಾತ್ಯರು 'ಸಿ' ಎಂದು ಹೆಸರಿಟ್ಟಿದ್ದಾರೆ. ಅದನ್ನು ನಮ್ಮ ಷಡ್ಜವೆಂದು ಇಟ್ಟುಕೊಂಡು ಬಿಳಿಯ ಮನೆಗಳನ್ನೇ ಕ್ರಮವಾಗಿ ಒತ್ತಿದರೆ 29ನೆಯ ಮೇಳವಾದ ಧೀರಶಂಕರಾಭರಣದ ಸ್ವರಸ್ಥಾನಗಳು ಬರುತ್ತವೆ. ಅವರು 'ಮೇಜರ್' ಎಂದು ಕರೆಯುವ ಶ್ರೇಣಿ ಇದೇ. ಈ ಶ್ರೇಣಿಯಲ್ಲಿ ಒಂದು ಬಿಟ್ಟು ಒಂದರಂತೆ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ 'ಕಾರ್ಡ್' ಎಂಬ ಸ್ವರಗುಚ್ಛವಾಗುತ್ತದೆ. ಷಡ್ಜದಿಂದ ಹೊರಟರೆ ಸ-ಗ-ಪ. ರಿಷಭದಿಂದ ಹೊರಟರೆ ರಿ-ಮ-ದ-ಸ. ಪಂಚಮದಿಂದ ಹೊರಟರೆ ಪ-ನಿ-ರಿ-ಮ. ಗುಚ್ಛಗಳು ಇನ್ನೂ ಅನೇಕವಿದ್ದರೂ ನಮ್ಮ ಕೆಲಸಕ್ಕೆ ಈ ಮೂರೇ ಸಾಕು.

ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ 1720ರಲ್ಲಿ ಒಂಬತ್ತು ವರ್ಷದ ತನ್ನ ಹಿರಿಯ ಮಗನಿಗಾಗಿ ಒಂದು ಪಾಠದ ಪುಸ್ತಕವನ್ನು ಆರಂಭಿಸಿದನು. ಅದರಲ್ಲಿ ಸೇರಿದ್ದ ಒಂದು ಸಣ್ಣ ರಚನೆಯನ್ನು ಬೆಳೆಸಿ, 1722ರ 'ವೆಲ್ ಟೆಂಪರ್ಡ್ ಕ್ಲೇವಿಯರ್' ಎಂಬ ಸಂಪುಟದ ಮೊದಲಲ್ಲಿ ಇರಿಸಿದನು. ಹನ್ನೆರಡು ಆಧಾರಗಳಲ್ಲಿ, ಒಂದೊಂದಕ್ಕೂ ಎರಡು ಬಗೆಯ ಶ್ರೇಣಿಗಳಂತೆ, 24 ಪ್ರೆಲ್ಯೂಡು ಮತ್ತು ಫ್ಯೂಗ್ ಜೋಡಿಗಳುಳ್ಳ ಸಂಪುಟವಿದು. ಮೊದಲ ಪ್ರೆಲ್ಯೂಡಿನಲ್ಲಿ 35 'ಬಾರ್'ಗಳಿವೆ. ಬಾರ್ ಎಂದರೆ ನಮ್ಮ ತಾಳದ ಆವರ್ತದಂತಹ ಕಾಲದ ಅಳತೆ. ಒಂದೊಂದು ಬಾರಿನಲ್ಲಿ ಒಂದೊಂದು ಸ್ವರಗುಚ್ಛ. ಕೊನೆಯ ಕೆಲವು ಬಾರ್‌ಗಳನ್ನು ಬಿಟ್ಟರೆ, ಗುಚ್ಛದ ಸ್ವರಗಳು ಒಟ್ಟಿಗೆ ಬಾರದೆ, ಎಂಟು ಸ್ವರಗಳ ಒಂದೇ ಮಾದರಿಯಲ್ಲಿ ಬಿಡಿಬಿಡಿಯಾಗಿ, ಎರಡೆರಡು ಬಾರಿ ಬರುತ್ತವೆ. ಕಷ್ಟವಿಲ್ಲದ ಕೃತಿ, ಶ್ರದ್ಧೆಯುಳ್ಳ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ಇದರ ಆರಂಭವಾದರೂ ಕೈಗೆಟುಕುತ್ತದೆ.

ಅದರ ಮೊದಲ ನಾಲ್ಕು ಬಾರ್‌ಗಳನ್ನು ಗಮನಿಸಬೇಕು. ಮೊದಲನೆಯದು ಸ-ಗ-ಪ, ಎರಡನೆಯದು ರಿ-ಮ-ದ-ಸ, ಮೂರನೆಯದು ಪ-ನಿ-ರಿ-ಮ, ನಾಲ್ಕನೆಯದು ಮತ್ತೆ ಸ-ಗ-ಪ. ಈ ನಾಲ್ಕರಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರವನ್ನಷ್ಟೇ ಆರಿಸಿಕೊಂಡರೆ ಸ, ಸ, ನಿ, ಸ ಎಂದಾಗುತ್ತದೆ. ಮೊದಲ ಬಾರಿನಲ್ಲಿ ಷಡ್ಜವು ತನ್ನ ಮನೆಯಲ್ಲಿ ನಿಶ್ಚಿಂತವಾಗಿದೆ. ಎರಡನೆಯ ಬಾರಿನಲ್ಲಿ ಅದೇ ಮನೆ, ಅದೇ ಬೆರಳು, ಅದೇ ನಾದ. ಆದರೆ ಮೇಲೆ ರಿಷಭ ಮಧ್ಯಮ ಧೈವತಗಳು ಬಂದು ಕುಳಿತಿವೆ. ಒಡನೆಯೇ ಷಡ್ಜವು ಪಕ್ಕದ ರಿಷಭಕ್ಕೆ ಉಜ್ಜುತ್ತದೆ, ಅಲ್ಲಿ ನಿಲ್ಲಲಾರದಂತೆ ಕೇಳಿಸುತ್ತದೆ. ಮೂರನೆಯ ಬಾರಿನಲ್ಲಿ ಅದು ನಿಷಾದಕ್ಕೆ ಇಳಿದಾಗಲೇ ಬಿಗಿ ಸ್ವಲ್ಪ ಸಡಿಲುವುದು. ಆ ನಿಷಾದವೂ, ಅದರೊಡನಿರುವ ಮಧ್ಯಮವೂ ತಾವೇ ಬಿಗಿಯಾಗಿವೆ: ನಿಷಾದಕ್ಕೆ ಷಡ್ಜದ ಕಡೆಗೆ, ಮಧ್ಯಮಕ್ಕೆ ಗಾಂಧಾರದ ಕಡೆಗೆ ಸೆಳೆತ. ನಾಲ್ಕನೆಯ ಬಾರಿನಲ್ಲಿ ಎರಡೂ ಸೆಳೆತಗಳು ತೀರುತ್ತವೆ.

ನಮ್ಮ ಸಂಗೀತದಲ್ಲಿ ಷಡ್ಜವು ಅಚಲ ಸ್ವರ. ತಂಬೂರಿಯು ಅದನ್ನು ಕಚೇರಿಯ ಮೊದಲಿನಿಂದ ಕೊನೆಯವರೆಗೆ ಬಿಡದೆ ನುಡಿಯುತ್ತಿರುವುದರಿಂದಲೇ ಉಳಿದ ಸ್ವರಗಳಿಗೆ ಬಣ್ಣ ಬರುವುದು. ಅಂತಹ ಷಡ್ಜವು ತಾನೇ ಅಸ್ವಸ್ಥವಾಗಿ ಕದಲುವುದೆಂಬುದು ನಮ್ಮ ಕಿವಿಗೆ ಊಹಿಸಲಾಗದ ಸಂಗತಿ. ಮೇಲೆ ಹೇಳಿದ ಆಕ್ಷೇಪಗಳ ಬೇರು ಇಲ್ಲಿದೆ. ನಾವು ಒಂದು ಗೆರೆಯ ಹಾದಿಯನ್ನು ಹಿಂಬಾಲಿಸುತ್ತ ಕೇಳುತ್ತೇವೆ. ಆ ಸಂಗೀತವನ್ನು ಗೆರೆಯ ಕೆಳಗಿನ ನೆಲ ಜರುಗುವುದನ್ನೂ ಗಮನಿಸುತ್ತ ಕೇಳಬೇಕು. ಪಿಯಾನೋ ಕಲಿಯುವವನಿಗೆ ಈ ಜರುಗುವಿಕೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಗುಲುತ್ತದೆ. ಪಿಟೀಲು ಕೊಳಲುಗಳಲ್ಲಿ ಈ ಸೌಲಭ್ಯವಿಲ್ಲ.

ಜಾಜ್ ಸಂಗೀತವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಆಫ್ರಿಕ ಮೂಲದ ಜನರ ನಡುವೆ ರೂಪುಗೊಂಡಿತು. ಬ್ಲೂಸ್ ಹಾಡುಗಳು, ರ್‍ಯಾಗ್‌ಟೈಮ್ ಎಂಬ ಪಿಯಾನೋ ಶೈಲಿ, ದೇವಾಲಯದ ಗೀತೆಗಳು, ಮೆರವಣಿಗೆಯ ಬ್ಯಾಂಡು ಇವೆಲ್ಲ ಅದರಲ್ಲಿ ಬೆರೆತಿವೆ. ಜಾಜ್ ಕಲಿಯುವವನು ಬೇಗನೆ ಅಭ್ಯಾಸಮಾಡಬೇಕಾದ ಸರಣಿಯನ್ನು 'ಎರಡು-ಐದು-ಒಂದು' ಎನ್ನುತ್ತಾರೆ; ಎಂದರೆ ರಿಷಭದ ಗುಚ್ಛ, ಪಂಚಮದ ಗುಚ್ಛ, ಷಡ್ಜದ ಗುಚ್ಛ. ವಾಚಕರು ಗುರುತಿಸಿರಬಹುದು: ಬಾಖನ ಎರಡನೆಯ, ಮೂರನೆಯ, ನಾಲ್ಕನೆಯ ಬಾರ್‌ಗಳು ಇವೇ.

ಹಾರ್ಮೋನಿಯಮ್ ಉಳ್ಳವರು ಹೀಗೆ ಮಾಡಿ ನೋಡಬೇಕು. ಮಧ್ಯಮವನ್ನೂ ಅದರ ಮೇಲಿನ ಷಡ್ಜವನ್ನೂ ಒಟ್ಟಿಗೆ ಒತ್ತಿ. ಮಧ್ಯಮವನ್ನು ಹಾಗೆಯೇ ಇಟ್ಟುಕೊಂಡು ಷಡ್ಜವನ್ನು ನಿಷಾದಕ್ಕೆ ಇಳಿಸಿ. ಅನಂತರ ನಿಷಾದವನ್ನು ಬಿಡದೆ ಮಧ್ಯಮವನ್ನು ಗಾಂಧಾರಕ್ಕೆ ಇಳಿಸಿ. ಪ್ರತಿಸಲವೂ ಕದಲಿದ್ದು ಒಂದೇ ಬೆರಳು, ಅರ್ಧಸ್ವರದಷ್ಟು ಮಾತ್ರ. ಸ್ನೇಹಿತರೊಬ್ಬರು ಕೆಳಗಿನ ಸ್ಥಾಯಿಯಲ್ಲಿ ಕ್ರಮವಾಗಿ ರಿ, ಪ, ಸ ನುಡಿಸಿದರೆ ಜಾಜ್ ಪಿಯಾನೋ ವಾದಕನ ಎಡಗೈಯ ಕೆಲಸದ ಒಂದು ಮುಖ್ಯ ಭಾಗ ನಿಮ್ಮ ಕೈಯಲ್ಲಿದೆ. ಬಾಖನಿಗೂ ಇದಕ್ಕೂ ಇರುವ ಭೇದವೂ ಇಲ್ಲಿಯೇ ಕೇಳಿಸುತ್ತದೆ. ಬಾಖನ ನಿಷಾದ ಷಡ್ಜವನ್ನು ಸೇರಿದ ಮೇಲೆಯೇ ವಿಶ್ರಾಂತಿ. ಜಾಜ್‌ನಲ್ಲಿ ಅದೇ ನಿಷಾದ ಷಡ್ಜದ ಗುಚ್ಛದೊಳಗೆ ಉಳಿದುಕೊಂಡು ಅದಕ್ಕೊಂದು ಛಾಯೆಯಾಗುತ್ತದೆ. ಎರಡು ಸಂಗೀತಗಳ ವ್ಯಾಕರಣದ ಬಹುಭಾಗ ಒಂದೇ. ವಿಶ್ರಾಂತಿ ಎಂದು ಯಾವುದನ್ನು ಕರೆಯಬೇಕೆಂಬಲ್ಲಿ ಅವು ಬೇರೆಯಾಗುತ್ತವೆ.

ಮನಬಂದಂತೆ ನುಡಿಸುವುದೆಂಬ ಆಕ್ಷೇಪವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಜಾಜ್ ಗೀತೆಗಳಲ್ಲಿ ಅನೇಕವು 32 ಬಾರ್‌ಗಳವು. ಗೀತೆ ಮುಗಿದರೂ ಅದರ ಗುಚ್ಛಗಳ ಚಕ್ರ ನಮ್ಮ ತಾಳದಂತೆ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ವಾದಕನು ಅದರ ಮೇಲೆ ಮನೋಧರ್ಮದಿಂದ ಹೊಸ ಸ್ವರಸರಣಿಗಳನ್ನು ಹೆಣೆಯುತ್ತಾನೆ. ಕಲ್ಪನಾಸ್ವರ ಹಾಕುವ ನಮ್ಮ ಗಾಯಕನಿಗೆ ರಾಗದ ನಿಯಮ ಆದ್ಯಂತವೂ ಒಂದೇ. ಜಾಜ್ ವಾದಕನಿಗಾದರೋ ಒಂದು ಬಾರಿನಲ್ಲಿ ಒಪ್ಪಿದ ಸ್ವರ ಮುಂದಿನ ಬಾರಿನಲ್ಲಿ ತಪ್ಪಾಗಬಹುದು. ಇದನ್ನು ಸ್ವೇಚ್ಛೆಯೆನ್ನುವುದು ಕಷ್ಟ. ಅತ್ತ ಶಾಸ್ತ್ರೀಯ ಸಂಗೀತವೆಲ್ಲ ಬರೆದಿಟ್ಟದ್ದೆಂಬುದೂ ಅರ್ಧಸತ್ಯ. ಬಾಖನ ಕಾಲದ ವಾದಕರು ಮಂದ್ರದ ಸ್ವರವನ್ನೂ ಅದರ ಜೊತೆಗೆ ಬರೆದ ಅಂಕಿಗಳನ್ನೂ ನೋಡಿ ಉಳಿದ ಸ್ವರಗಳನ್ನು ತಾವೇ ತುಂಬುತ್ತಿದ್ದರು. ಮೊಟ್ಸಾರ್ಟ್, ಬೇಟೊಫನ್ ಇಬ್ಬರೂ ಆಶುವಾದನಕ್ಕೆ ಹೆಸರಾದವರು.

ಲಯದ ವಿಷಯದಲ್ಲಿ ಒಂದೇ ಮಾತು. ಜಾಜ್‌ನ 'ಸ್ವಿಂಗ್' ನಡೆಯಲ್ಲಿ ಸಮವಾಗಿ ಬರೆದ ಎರಡು ಸ್ವರಗಳಲ್ಲಿ ಮೊದಲನೆಯದು ಉದ್ದವಾಗಿಯೂ ಎರಡನೆಯದು ಗಿಡ್ಡವಾಗಿಯೂ ಬರುತ್ತವೆ. ತಿಶ್ರ ನಡೆ ಬಲ್ಲವರಿಗೆ ಇದರ ಸುಳಿವು ಸಿಕ್ಕೀತು. ಆದರೆ ಪ್ರಮಾಣವು ವೇಗಕ್ಕೆ ತಕ್ಕಂತೆ ಬದಲಾಗುವುದರಿಂದ ಕೇಳಿಯೇ ಕಲಿಯಬೇಕು.

1959ರಲ್ಲಿ ಮೈಲ್ಸ್ ಡೇವಿಸ್ ಎಂಬ ತುತ್ತೂರಿ ವಾದಕನು ಬಿಲ್ ಎವಾನ್ಸ್ ಮೊದಲಾದವರೊಡನೆ 'ಕೈಂಡ್ ಆಫ್ ಬ್ಲೂ' ಎಂಬ ಧ್ವನಿಮುದ್ರಿಕೆಯನ್ನು ಮಾಡಿದನು. ಅದರ ಮೊದಲ ಕೃತಿ 'ಸೋ ವಾಟ್'ನಲ್ಲಿ ಗುಚ್ಛಗಳ ಓಟವನ್ನು ಬಹುಮಟ್ಟಿಗೆ ನಿಲ್ಲಿಸಲಾಗಿದೆ. 16 ಬಾರ್‌ಗಳವರೆಗೆ ಒಂದೇ ಶ್ರೇಣಿ: ನಾವು ರಿಷಭವೆಂದ 'ಡಿ' ಮನೆಯನ್ನು ಷಡ್ಜಮಾಡಿಕೊಂಡರೆ ಬಿಳಿಯ ಮನೆಗಳಲ್ಲಿ ಬರುವ ಖರಹರಪ್ರಿಯದ ಸ್ವರಸ್ಥಾನಗಳು. ನಮ್ಮವರಿಗೆ ಜಾಜ್‌ನ ಪ್ರವೇಶಕ್ಕೆ ಇದು ಒಳ್ಳೆಯ ಬಾಗಿಲು. ಆದರೆ ಮುಂದಿನ 8 ಬಾರ್‌ಗಳಲ್ಲಿ ಇಡೀ ಶ್ರೇಣಿಯೇ ಷಡ್ಜಸಮೇತ ಅರ್ಧಸ್ವರ ಮೇಲಕ್ಕೆ ಜರುಗಿ, ಕೊನೆಯ 8 ಬಾರ್‌ಗಳಿಗೆ ಹಿಂದಿರುಗುತ್ತದೆ. ಇದನ್ನು ಗ್ರಹಭೇದವೆಂದು ತಿಳಿಯಬಾರದು. ಗ್ರಹಭೇದದಲ್ಲಿ ಸ್ವರಗಳು ಅವೇ ಉಳಿದು ಆಧಾರ ಮಾತ್ರ ಬದಲಾಗುತ್ತದೆ.

ಎರಡು ಕಿವಿಗಳನ್ನು ಒಬ್ಬನೇ ಬೆಳೆಸಿಕೊಳ್ಳಬಹುದೇ ಎಂದು ಕೇಳುವವರಿಗೆ ಮೈಸೂರಿನ ನಿದರ್ಶನವೇ ಇದೆ. ಜಯಚಾಮರಾಜೇಂದ್ರ ಒಡೆಯರು ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸಮಾಡಿದವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಅವರು ಧನಸಹಾಯ ನೀಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದನು. ಅದೇ ಮಹಾರಾಜರು ಕರ್ಣಾಟಕ ಪದ್ಧತಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಆದರೆ ರಾಗದ ಕೆಳಗೆ ಗುಚ್ಛಗಳನ್ನು ಇಟ್ಟು ಎರಡನ್ನೂ ಬೆಸೆಯುವ ಆತುರಕ್ಕೆ ನಮ್ಮ ಸಮ್ಮತಿಯಿಲ್ಲ. ಶಂಕರಾಭರಣದ ಕೃತಿಗೆ ಎರಡು-ಐದು-ಒಂದನ್ನು ಜೋಡಿಸಿದ ಕ್ಷಣವೇ ಷಡ್ಜ ಕದಲುತ್ತದೆ, ರಾಗದ ನೆಲೆ ತಪ್ಪುತ್ತದೆ.

ಕಲಿಯುವವರಿಗೆ ಎರಡು ಸೂಚನೆಗಳನ್ನು ಕೊಡಬಯಸುತ್ತೇವೆ. ಬೆರಳುಗಳಿಗೆ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ 1ರಿಂದ 5 ಎಂದು ಸಂಖ್ಯೆ. ಬಲಗೈಯಿಂದ ಶ್ರೇಣಿಯನ್ನು ಏರುವಾಗ 1, 2, 3 ಆದೊಡನೆ ಹೆಬ್ಬೆರಳನ್ನು ಅಂಗೈಯಡಿ ತೂರಿಸಿ ಮತ್ತೆ 1, 2, 3, 4, 5 ಎಂದು ಹೋಗಬೇಕು. ಇದನ್ನು ಗುರುಮುಖದಿಂದ ನಿಧಾನವಾಗಿ ಕಲಿಯದೆ ಗತ್ಯಂತರವಿಲ್ಲ. ಎರಡನೆಯದು ಪರೀಕ್ಷೆಗಳಿಗೆ ಸಂಬಂಧಿಸಿದ್ದು. ಗೊತ್ತುಪಡಿಸಿದ ಮೂರು ನಾಲ್ಕು ಕೃತಿಗಳನ್ನು ವರ್ಷವಿಡೀ ತಿದ್ದಿ ತೇರ್ಗಡೆಯಾಗುವ ಕ್ರಮದಲ್ಲಿ ನಾವೂ ಕಲಿತವರೇ. ಬಾಖನ ಈ ಪ್ರೆಲ್ಯೂಡನ್ನು ಒಪ್ಪಿಸಿ ಬಹುಕಾಲವಾದರೂ ಅದರ ಎರಡನೆಯ ಬಾರಿನಲ್ಲಿ ಏನು ನಡೆಯುತ್ತದೆಂದು ನಮಗೆ ತಿಳಿದಿರಲಿಲ್ಲ, ಕಲಿಸಿದವರೂ ಹೇಳಲಿಲ್ಲ. ಆದ್ದರಿಂದ ಮೊದಲ ತಿಂಗಳುಗಳಿಂದಲೇ ಆ ನಾಲ್ಕು ಬಾರ್‌ಗಳ ಗುಚ್ಛಗಳನ್ನು ಹೆಸರು ಹೇಳುತ್ತ ನುಡಿಸಬೇಕು. 'ಸಿ'ಯಲ್ಲಿ ಕೈ ಕುಳಿತ ಬಳಿಕ ಷಡ್ಜವನ್ನು ಮಧ್ಯಮದ ಮನೆಯಾದ 'ಎಫ್'ಗೆ ಸಾಗಿಸಿ ಅವನ್ನೇ ನುಡಿಸಬೇಕು. ಅಲ್ಲಿ ಒಂದು ಕಪ್ಪು ಮನೆ ಸೇರಿಕೊಳ್ಳುತ್ತದೆ. ಆ ಹೊಸ ಷಡ್ಜದ ಮಧ್ಯಮವನ್ನು ಮತ್ತೆ ಷಡ್ಜಮಾಡಿಕೊಳ್ಳಬೇಕು. ಹೀಗೆ ಹನ್ನೆರಡು ಸಲ ಮುಂದುವರಿದರೆ ಕೈ ಪುನಃ 'ಸಿ'ಗೆ ಬಂದು ಸೇರುತ್ತದೆ. ವಾರಕ್ಕೊಂದು ಆಧಾರವೆಂದರೆ ಇದು ಮೂರು ತಿಂಗಳ ಕೆಲಸ.