ಎಂಜಲು ಯಾರ ಪಾಲು

ಭಾನುವಾರ ಬೆಳಿಗ್ಗೆ ಬೆಂಗಳೂರಿನ ವಿಜಯನಗರದ ಕೋಳಿ ಅಂಗಡಿಯ ಮುಂದೆ ಮೂರು ಸಾಲು. ಚೀಲ ಹಿಡಿದು ನಿಂತ ನಮ್ಮದು ಮೊದಲನೆಯದು. ಮೆಟ್ಟಿಲ ಪಕ್ಕ ಬಾಲ ಮಡಚಿ ಕೂತ ನಾಯಿಗಳದ್ದು ಎರಡನೆಯದು. ತಲೆಯೆತ್ತಿದರೆ ಮೂರನೆಯದೂ ಕಾಣುತ್ತದೆ, ಕೇಬಲ್ ತಂತಿಗಳ ಮೇಲೆ ಗಿರಕಿ ಹೊಡೆಯುವ ಹದ್ದುಗಳು. ನಾವು ಮಾಂಸ ಒಯ್ಯುತ್ತೇವೆ, ಮಿಕ್ಕ ಎರಡೂ ಸಾಲಿನವರು ಕಾಯುವುದು ಕರುಳು, ತಲೆ, ಕಾಲಿಗೆ. ಅದೆಲ್ಲ ಲೆಕ್ಕಪ್ರಕಾರ ಕಸದ ಗಾಡಿ ಸೇರಬೇಕು. ಒಂದಷ್ಟು ಮೂಟೆಗಳು ಮಾತ್ರ ರಾತ್ರಿ ಹೊತ್ತು ರಾಜಕಾಲುವೆಯ ದಂಡೆಗೋ ಖಾಲಿ ಸೈಟಿಗೋ ಬಂದು ಬೀಳುತ್ತವೆ.

ಈ ಎಂಜಲನ್ನು ಯಾರು ತಿನ್ನುತ್ತಾರೆ ಎನ್ನುವುದಕ್ಕೂ ನಮ್ಮ ಆರೋಗ್ಯಕ್ಕೂ ಇರುವ ನಂಟು ತಿಳಿಯಬೇಕಾದರೆ ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ರಾಮನಗರಕ್ಕೆ ಹೋಗಬೇಕು. ಅಲ್ಲಿನ ರಾಮದೇವರ ಬೆಟ್ಟವನ್ನು ‘ಶೋಲೆ’ ಸಿನಿಮಾದ ಬಂಡೆಗಳೆಂದೇ ಎಲ್ಲರೂ ಗುರುತಿಸುತ್ತಾರೆ. 2012ರಲ್ಲಿ ಅದು ರಣಹದ್ದುಗಳ ವನ್ಯಧಾಮವಾಯಿತು. ಕಡಿದಾದ ಬಂಡೆಯ ಸೀಳುಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು ಈಗ ಅಲ್ಲಿ ಬೆರಳೆಣಿಕೆಯಷ್ಟು. ಗಬ್ಬರ್ ಸಿಂಗನನ್ನು ಹುಡುಕಿ ಬಂದವರಲ್ಲಿ ಎಷ್ಟು ಜನ ಆ ಕಡೆ ಕಣ್ಣೆತ್ತುತ್ತಾರೋ!

1990ರ ದಶಕದಿಂದೀಚೆಗೆ ದೇಶದ ಮೂರು ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅಳಿದವು. ಮೊದಲು ಏನೋ ಸೋಂಕು ಎಂದುಕೊಂಡಿದ್ದರು. 2004ರಲ್ಲಿ ನಿಜವಾದ ಕಾರಣ ಹೊರಬಿತ್ತು. ಕುಂಟುವ ದನಕ್ಕೆ, ಕೆಚ್ಚಲು ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಅಗ್ಗದ ನೋವಿನ ಮದ್ದೇ ಅದು. ಮದ್ದು ಪಡೆದ ದನ ಸ್ವಲ್ಪ ದಿನದಲ್ಲೇ ಸತ್ತು, ಅದನ್ನು ತಿಂದರೆ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ಯೂರಿಕ್ ಆಮ್ಲ ಸುಣ್ಣದ ಪುಡಿಯಂತೆ ಒಳಾಂಗಗಳ ಮೇಲೆ ಕೂರುತ್ತದೆ. ಈ ಹಕ್ಕಿಗಳು ಗುಂಪಾಗಿ ಉಣ್ಣುವಂಥವು. ಹಾಗಾಗಿ ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಇಡೀ ಸಂತತಿ ಕುಸಿಯಲು ಸಾಕಾಯಿತು. 2006ರಲ್ಲಿ ಪಶುಗಳಿಗೆ ಆ ಮದ್ದು ನಿಷೇಧವಾಯಿತು. ಅದೇ ಕೇಡು ಮಾಡುವ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ನಿಷೇಧವಾಗಲು 2023 ಬರಬೇಕಾಯಿತು.

ರಣಹದ್ದು ಹೋದರೂ ಊರಾಚೆಯ ಸತ್ತ ದನ ಅಲ್ಲೇ ಉಳಿಯಿತು. ರಣಹದ್ದಿನ ಜಠರದ ಆಮ್ಲ ಎಷ್ಟು ತೀಕ್ಷ್ಣವೆಂದರೆ ನೆರಡಿ ರೋಗದ, ಅಂದರೆ ಆಂತ್ರಾಕ್ಸಿನ, ಅಣುಜೀವಿಯೂ ಅದರಲ್ಲಿ ಬದುಕುವುದು ಕಷ್ಟ. ಆ ಜಾಗಕ್ಕೆ ಬಂದ ನಾಯಿಗೆ ಅಂಥ ಹೊಟ್ಟೆಯಿಲ್ಲ. ಅದು ಅರ್ಧ ತಿಂದು ಅರ್ಧ ಕೊಳೆಯಲು ಬಿಡುತ್ತದೆ, ಉಂಡು ಬಲಿತು ಮರಿ ಹಾಕುತ್ತದೆ. ಹಿಂದೆ ರಣಹದ್ದು ಹೇರಳವಾಗಿದ್ದ ಜಿಲ್ಲೆಗಳನ್ನೂ ಇಲ್ಲದ ಜಿಲ್ಲೆಗಳನ್ನೂ ಇಬ್ಬರು ಅರ್ಥಶಾಸ್ತ್ರಜ್ಞರು ಹೋಲಿಸಿದರು. ಎಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಂದಾಜು ಬೆಚ್ಚಿಬೀಳಿಸುವಂಥದ್ದು. 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳು. ರೇಬೀಸ್ ಮತ್ತು ಕೆಟ್ಟ ನೀರು ಅದಕ್ಕೆ ಅವರು ಕೊಡುವ ಮುಖ್ಯ ಕಾರಣಗಳು. ಹಸುವಿನ ಕಾಲುನೋವಿಗೆ ಕೊಟ್ಟ ಸೂಜಿ ಇಷ್ಟು ದೂರ ಚುಚ್ಚೀತೆಂದು ಯಾವ ಪಶುವೈದ್ಯ ಊಹಿಸಿದ್ದರು?

ಜನ, ಪ್ರಾಣಿ, ಪರಿಸರ ಮೂರರ ಆರೋಗ್ಯವನ್ನು ಒಟ್ಟಿಗೆ ನೋಡುವುದನ್ನು ಈಗ ‘ಒನ್ ಹೆಲ್ತ್’ ಎನ್ನುತ್ತಾರೆ. ಕೇಂದ್ರ ಪಶುಸಂಗೋಪನಾ ಇಲಾಖೆ ಇದರ ಪ್ರಾಯೋಗಿಕ ಯೋಜನೆಯನ್ನು ಕರ್ನಾಟಕದಲ್ಲಿ ಶುರು ಮಾಡಿದ್ದು 2022ರ ಜೂನ್‌ನಲ್ಲಿ, ಬೆಂಗಳೂರಿನಲ್ಲೇ. ಹೆಸರು ಹೊಸದಿರಬಹುದು. ಮಂಗ ಸತ್ತರೆ ಊರಿಗೆ ಜ್ವರ ಬರುತ್ತದೆಂದು ಮಲೆನಾಡು ಕಲಿತದ್ದು 1957ರಲ್ಲಿ, ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯಿಂದ.

ನಮ್ಮ ಪಶ್ಚಿಮ ಬೆಂಗಳೂರಿನ ಎಂಜಲಿಗೆ ಇನ್ನೊಬ್ಬ ದೂರದ ಪಾಲುದಾರನಿದ್ದಾನೆ. ಕೆಂಗೇರಿಯಿಂದಾಚೆ ತುರಹಳ್ಳಿ ಕಾಡು, ಬಿ.ಎಂ. ಕಾವಲು. ಈ ಸುತ್ತಲಲ್ಲಿ ಚಿರತೆ ಹೊಸಬನಲ್ಲ. ಬನ್ನೇರುಘಟ್ಟವೂ ಸೇರಿ ನಗರದ ಅಂಚಿನಲ್ಲಿ 80ರಿಂದ 85 ಚಿರತೆಗಳಿವೆಯೆಂದು ಕ್ಯಾಮೆರಾ ಇಟ್ಟು ಎಣಿಸಿದವರ ಅಂದಾಜು. ಕೋಳಿ ಮೂಟೆ ಬಿದ್ದಲ್ಲಿ ನಾಯಿ, ನಾಯಿ ಸೇರಿದಲ್ಲಿ ಚಿರತೆ. ಮುಂಬೈನ ಚಿರತೆಗಳು ವರ್ಷಕ್ಕೆ ಸುಮಾರು 1,500 ನಾಯಿ ತಿಂದು ಸಾವಿರದಷ್ಟು ಕಡಿತ ತಪ್ಪಿಸುತ್ತವೆಂದು 2018ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಕೇಳಲು ಚಂದ. ಆದರೆ ಅಪಾರ್ಟ್‌ಮೆಂಟ್ ಗೇಟಿನವರೆಗೆ ಚಿರತೆಯನ್ನು ಎಂಜಲಿನಿಂದ ಕರೆತಂದು, ಆಮೇಲೆ ಬೋನು ಇಡಿ ಎಂದು ಕೂಗುವ ನಮಗೆ ಈ ಲೆಕ್ಕ ಒಗ್ಗುವುದಿಲ್ಲ. ಚಿರತೆಗೂ ಇದು ಲಾಭದ ವ್ಯವಹಾರವಲ್ಲ. ನಾಯಿಗಳ ಡಿಸ್ಟೆಂಪರ್ ವೈರಸ್ 2018ರಲ್ಲಿ ಗಿರ್ ಸಿಂಹಗಳನ್ನೇ ಬಲಿ ತೆಗೆದುಕೊಂಡಿತ್ತು.

ಹಾಗಾದರೆ ನಾಯಿ? ಆಗಿನ ಬಿಬಿಎಂಪಿ 2023ರಲ್ಲಿ ಎಣಿಸಿದಾಗ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. 2019ರ ಎಣಿಕೆಯಲ್ಲಿ ಅವು 3.10 ಲಕ್ಷ. ರೇಬೀಸ್ ವೈರಸ್ ಕಚ್ಚಿದ ಗಾಯದಿಂದ ನರದ ಗುಂಟ ನಿಧಾನವಾಗಿ ಮಿದುಳಿನತ್ತ ತೆವಳುತ್ತದೆ, ವಾರಗಳಿಂದ ತಿಂಗಳುಗಳವರೆಗೆ. ಆ ನಡುವೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು ಲಸಿಕೆ ಹಾಕಿಸಿಕೊಂಡವರು ಬದುಕುತ್ತಾರೆ. ಲಕ್ಷಣ ತೋರಿದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಅರಿಶಿನ, ಸುಣ್ಣ ಮೆತ್ತಿ ಕಳೆದ ಒಂದೊಂದು ಗಂಟೆಯೂ ವೈರಸ್ಸಿಗೆ ಕೊಟ್ಟ ಗಂಟೆ.

ರೋಗದ ಸರಪಳಿ ಮುರಿಯಲು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಬೇಕು ಎನ್ನುತ್ತಾರೆ. ರೇಬೀಸ್ ದಡಾರದಂತೆ ವೇಗವಾಗಿ ಹಬ್ಬುವಂಥದ್ದಲ್ಲ, ಹಾಗೆ ನೋಡಿದರೆ ಇದಕ್ಕೂ ಕಡಿಮೆ ಸಾಕಿತ್ತು. ಆದರೆ ಬೀದಿನಾಯಿಯ ಆಯಸ್ಸು ಚಿಕ್ಕದು. ಲಸಿಕೆ ಪಡೆದದ್ದು ಸತ್ತು, ಪಡೆಯದ ಮರಿ ಹುಟ್ಟಿ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ 70 ಎನ್ನುವುದು ಕರಗಿಹೋಗಿರುತ್ತದೆ. ಪುಕ್ಕಟೆ ಊಟ ಎಲ್ಲಿ ರಾಶಿ ಬೀಳುತ್ತದೋ ಅಲ್ಲಿ ಖಾಲಿಯಾದ ಜಾಗಕ್ಕೆ ಹೊಸ ನಾಯಿ ಬಂದು ಕೂರುತ್ತದೆ. ಸಂತಾನಹರಣ ಆದ ನಾಯಿಯ ಕಿವಿಯಲ್ಲಿ ಒಂದು ಕಚ್ಚು ಮಾಡಿರುತ್ತಾರೆ. ಆ ಗುರುತು ಈ ವರ್ಷದ ಲಸಿಕೆಯ ಬಗ್ಗೆ ಏನೂ ಹೇಳುವುದಿಲ್ಲ.

ನಮ್ಮ ರಸ್ತೆಯಲ್ಲಿ ಐದು ನಾಯಿಗಳು. ನಾಲ್ಕರ ಕಿವಿಯಲ್ಲಿ ಕಚ್ಚು ಇದೆ. ಐದನೆಯದು ಹೋದ ತಿಂಗಳು ಎಲ್ಲಿಂದಲೋ ಬಂತು. ಅದು ಮಲಗುವುದು ಕೋಳಿ ಅಂಗಡಿಯ ಮೆಟ್ಟಿಲ ಮೇಲೆ.