ಕಾರಿನ ಸೀಟು ವಾಲಿದರೆ

ಸೀಟು ಒಂದು ಕಡೆ ವಾಲಿದರೆ ದಿಂಬು ಇಟ್ಟುಕೊಂಡು ಓಡಿಸಬೇಡಿ. 880ರಲ್ಲಿ ಹಿಂದಿನಿಂದ ಗಾಡಿ ಗುದ್ದಿದರೆ ನಿಮ್ಮ ಬೆನ್ನನ್ನು ತಡೆದು ಹಿಡಿಯುವುದು ಸೀಟೇ. ಅಮೆರಿಕದ 207ನೇ ಸುರಕ್ಷತಾ ನಿಯಮದಂತೆ ಅದು ತನ್ನ ತೂಕದ 20 ಪಟ್ಟು ಬಲವನ್ನು ತಾಳಬೇಕು.

ಮೊದಲು ಕಾರಿನ 17 ಅಕ್ಷರಗಳ ವಿನ್ ನಂಬರನ್ನು ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ರೀಕಾಲ್ ಇದ್ದರೆ ಸಾಮಾನ್ಯವಾಗಿ ಡೀಲರ್ ಉಚಿತವಾಗಿ ಸರಿಮಾಡಿಕೊಡುತ್ತಾರೆ. ಇಲ್ಲದಿದ್ದರೆ ಬೋಲ್ಟು ಸಡಿಲವಾಗಿದೆಯೇ, ಒಳಗಿನ ಫ್ರೇಮೇ ಬಿರುಕು ಬಿಟ್ಟಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ಬಿರುಕಿಗೆ ವೆಲ್ಡಿಂಗ್ ಮಾಡಿಸಬೇಡಿ, ಆ ಶಾಖಕ್ಕೆ ಗಟ್ಟಿ ಉಕ್ಕಿನ ಬಲ ಕುಗ್ಗಬಹುದು. ಸೀಟು ಬದಲಾಯಿಸುವುದೇ ಒಳ್ಳೆಯದು.

ನೆವಾರ್ಕಿನ ಪಿಕ್-ಎನ್-ಪುಲ್‌ನಂಥ ಗುಜರಿಯಲ್ಲಿ ನಿಮ್ಮ ಕಾರಿಗೆ ಹೊಂದುವ ಸೀಟು ಹುಡುಕಬಹುದು. ಜಜ್ಜಿಹೋದ ಕಾರಿನದು ಮಾತ್ರ ಬೇಡ. ಸೀಟಿನಡಿಯ ಹಳದಿ ಕನೆಕ್ಟರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು. ಬ್ಯಾಟರಿ ಬಿಚ್ಚಿ, ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯದೆ ಅದಕ್ಕೆ ಕೈಹಾಕಬೇಡಿ.